ಮಲೆನಾಡಲ್ಲಿ ಗಾಡಿ ಕಾಟ ಇಲ್ಲದ ಸೈಕಲ್ ದಾರಿ ಯಾವುದಿದೆ? (ನಾಲ್ಕು ದಿನ, ಮಗಳೂ ಜೊತೆಗೆ)

ವಿನೋಬನಗರ_ಪೆಡಲ್
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು. ಮೂವರ ಹತ್ತಿರವೂ ಗೇರ್ ಸೈಕಲ್ ಇದೆ. ಮಳೆ ಮುಗಿದ ಮೇಲೆ ನಾಲ್ಕು ದಿನ ಬ್ಯಾಗ್ ಕಟ್ಟಿಕೊಂಡು ಹೊರಡುವ ಯೋಚನೆ. ಶಿವಮೊಗ್ಗ–ತೀರ್ಥಹಳ್ಳಿ ಮೇನ್ ರೋಡಿನಲ್ಲಿ ಮಗಳನ್ನು ಕರೆದುಕೊಂಡು ಹೋಗೋಕೆ ಧೈರ್ಯ ಇಲ್ಲ. ಬಸ್ಸಿನವರು ಓವರ್‌ಟೇಕ್ ಮಾಡುವ ರೀತಿ ನಿಮಗೆ ಗೊತ್ತೇ ಇದೆ.

ಯುರೋಪಿನಲ್ಲಿ ಜ್ವಾಲಾಮುಖಿ ಗುಡ್ಡಗಳ ನಡುವೆ ಕಾರೇ ಬರದ ಸೈಕಲ್ ದಾರಿಗಳಿವೆಯಂತೆ. ಫೋಟೋ ನೋಡಿ ಹೊಟ್ಟೆ ಉರಿಯಿತು. ನಮ್ಮಲ್ಲೂ ಗುಡ್ಡ ಇದೆ, ಕಾಡಿದೆ, ಹೊಳೆ ಇದೆ. ದಾರಿ ಮಾತ್ರ ಎಲ್ಲಿದೆ? ದಿನಕ್ಕೆ 40 ಕಿ.ಮೀ. ಸಾಕು. ಏರು ಇದ್ದರೂ ಪರವಾಗಿಲ್ಲ, ಗಾಡಿ ಕಡಿಮೆ ಇರಬೇಕು.

ಇನ್ನೊಂದು ಪ್ರಶ್ನೆ, ಮಗಳದ್ದು. ಬಾಬಾಬುಡನ್‌ಗಿರಿ ಮೇಲಿಂದ ನೋಡಿದರೆ ಕುದುರೆ ಲಾಳದ ಆಕಾರ ಇದೆಯಲ್ಲ, ಅದು ಹಳೇ ಜ್ವಾಲಾಮುಖಿಯ ಬಾಯಿ ಅಂತ ಯಾರೋ ಹೇಳಿದರಂತೆ. ನಿಜವಾ?

ಹಳೇ_ಹೀರೋ
ಗಾಡಿ ಇಲ್ಲದ ರಸ್ತೆ ಬೇಕಾದರೆ ಬೆಳಿಗ್ಗೆ ಐದೂವರೆಗೆ ಎದ್ದರೆ ಆಯ್ತು. ಆ ಹೊತ್ತಿಗೆ ಎಲ್ಲಾ ರಸ್ತೆಯೂ ಸೈಕಲ್ ದಾರಿಯೇ.

ಕೊನೆಗೌಡ
@ಹಳೇ_ಹೀರೋ ಐದೂವರೆಗೆ ಹಾಲಿನ ಗಾಡಿ, ಪೇಪರ್ ಗಾಡಿ, ಮೀನಿನ ಗಾಡಿ ಮೂರೂ ಬರುತ್ತವೆ. ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನಿನ ಗಾಡಿ ಎದುರಿಗೆ ಸಿಕ್ಕಿದೆಯಾ ನಿಮಗೆ? ಬ್ರೇಕ್ ಇದೆ ಅನ್ನೋದೇ ಅವರಿಗೆ ನೆನಪಿರೋದಿಲ್ಲ.

ಕಲ್ಲುಕುಟಿಗ
ಮೊದಲು ಮಗಳ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅದೇ ಒಳ್ಳೆಯ ಪ್ರಶ್ನೆ.

ಲಾಳದ ಆಕಾರ ಜ್ವಾಲಾಮುಖಿ ಬಾಯಿಯಿಂದ ಬಂದಿದ್ದಲ್ಲ. ಬಂಡೆಯ ಪದರಗಳು ಮಡಚಿಕೊಂಡು, ಆಮೇಲೆ ಮೆತ್ತಗಿದ್ದದ್ದು ಸವೆದು, ಗಟ್ಟಿ ಇದ್ದದ್ದು ಬೆಟ್ಟದ ಸಾಲಾಗಿ ಉಳಿದು ಆ ಆಕಾರ ಬಂತು. ಹಾಗಂತ ಲಾವಾ ಇಲ್ಲವೇ ಇಲ್ಲ ಅಂತಲ್ಲ. ಬಾಬಾಬುಡನ್ ಬೆಟ್ಟಗಳ ಪದರಗಳಲ್ಲಿ ಲಾವಾ ಹರಿದು ಗಟ್ಟಿಯಾದ ಬಂಡೆಯೇ ಇದೆ. 250 ಕೋಟಿ ವರ್ಷಕ್ಕಿಂತ ಹಳೆಯದು. ಕೆಲವು ಕಡೆ ಕಪ್ಪು ಹಸಿರು ಕಲ್ಲಿನಲ್ಲಿ ಬಿಳಿ ಚುಕ್ಕಿ ಕಾಣುತ್ತವೆ. ಲಾವಾದೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು ಅವು, ಆಮೇಲೆ ಬೇರೆ ಖನಿಜ ತುಂಬಿಕೊಂಡಿದೆ. ಅದರ ಮೇಲೆ ಕಬ್ಬಿಣದ ಅದಿರಿನ ಪಟ್ಟೆಕಲ್ಲು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಹೋಗುತ್ತಿದ್ದದ್ದು ಅದೇ ಅದಿರು.

ಅಂದರೆ ಬೆಂಕಿ ಉಗುಳಿದ ಬೆಟ್ಟದ ರೂಪ ಉಳಿದಿಲ್ಲ, ಉಗುಳಿದ ಕಲ್ಲು ಉಳಿದಿದೆ. ಮಗಳಿಗೆ ಇನ್ನೂ ಚೆನ್ನಾಗಿ ತೋರಿಸಬೇಕಾದರೆ ಆಗುಂಬೆ ಘಾಟಿ ಇಳಿದು ಮಲ್ಪೆಗೆ ಹೋಗಿ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಆರು ಮೂಲೆಯ ಕಂಬಗಳ ಹಾಗೆ ನಿಂತ ಲಾವಾ ಕಲ್ಲು. ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಜಂಬಿಟ್ಟಿಗೆ
ಹಾಗಾದರೆ ನಮ್ಮ ಮನೆ ಗೋಡೆಯ ಜಂಬಿಟ್ಟಿಗೆ? ಅದೂ ತೂತು ತೂತು ಇರುತ್ತಲ್ವಾ, ಅದೂ ಲಾವಾನಾ?

ಕಲ್ಲುಕುಟಿಗ
@ಜಂಬಿಟ್ಟಿಗೆ ಅಲ್ಲ. ಅದು ಕೆಳಗಿದ್ದ ಬಂಡೆ ಮಳೆ-ಬಿಸಿಲಿಗೆ ಕೊಳೆತು ಆದದ್ದು. ನೀರು ಉಳಿದದ್ದನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಅಂಶ ಉಳಿಯುತ್ತದೆ. ಅದಕ್ಕೇ ಕೆಂಪು. ತೂತು ಆಗಿದ್ದು ನೀರಿನಿಂದ, ಗಾಳಿಗುಳ್ಳೆಯಿಂದಲ್ಲ.

ಫ್ರಾಂಕ್‌ಫರ್ಟ್_ಸಾಗರ
ಯುರೋಪಿನ ಮಾತು ಬಂತಲ್ಲ, ನಾನು ಓಡಿಸಿದ್ದನ್ನು ಹೇಳುತ್ತೇನೆ. ಜರ್ಮನಿಯ ಐಫೆಲ್ ಅನ್ನುವ ಕಡೆ ಹಳೇ ಜ್ವಾಲಾಮುಖಿಗಳ ಗುಂಡಿಗಳಲ್ಲಿ ನೀರು ನಿಂತು ದುಂಡನೆಯ ಕೆರೆಗಳಾಗಿವೆ. ಅವಕ್ಕೆ ಅಲ್ಲಿ ಮಾರ್ ಅನ್ನುತ್ತಾರೆ. ಡೌನ್ ಅನ್ನುವ ಊರಿನಿಂದ ಮೋಸೆಲ್ ನದಿ ದಡದ ಬರ್ನ್‌ಕಾಸ್ಟಲ್‌ವರೆಗೆ ಮಾರ್-ಮೋಸೆಲ್ ಅನ್ನುವ ಸೈಕಲ್ ದಾರಿ ಇದೆ. ಸುಮಾರು 58 ಕಿ.ಮೀ. ಬಹುಪಾಲು ಹಳೇ ರೈಲು ಹಳಿ ಕಿತ್ತ ಜಾಗದಲ್ಲೇ ಡಾಂಬರು ಹಾಕಿದ್ದಾರೆ.

ಅದರ ಗುಟ್ಟು ಇರುವುದೇ ಅಲ್ಲಿ. ರೈಲಿಗೆ ಜೋರು ಏರು ಆಗುವುದಿಲ್ಲ. ಹಾಗಾಗಿ ಗುಡ್ಡದ ನಾಡಿನಲ್ಲೂ ಸೈಕಲ್ ತುಳಿಯುವವನಿಗೆ ಏರು ಗೊತ್ತೇ ಆಗುವುದಿಲ್ಲ. ಕಣಿವೆ ದಾಟಲು ಎತ್ತರದ ಸೇತುವೆ, ಗುಡ್ಡ ದಾಟಲು ಸುರಂಗ. ಡೌನ್ ಹತ್ತಿರದ ಸುರಂಗ ಅರ್ಧ ಕಿಲೋಮೀಟರ್‌ಗೂ ಉದ್ದ, ಒಳಗೆ ಲೈಟ್ ಇದೆ. ಬೇಸಿಗೆಯಲ್ಲೂ ಒಳಗೆ ಹೋದರೆ ಸ್ವೆಟರ್ ಬೇಕು ಅನ್ನಿಸುತ್ತದೆ. ಎದುರಿಗೆ ಬರುವ ಅಜ್ಜ ಅಜ್ಜಿಯರೆಲ್ಲ ಬ್ಯಾಟರಿ ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ನಮ್ಮಲ್ಲೂ ಕಿತ್ತುಹಾಕಿದ ರೈಲು ದಾರಿ ಇತ್ತಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ಗೇಜಿನ ರೈಲು ಓಡುತ್ತಿತ್ತು. ಅದನ್ನು ಸೈಕಲ್ ದಾರಿ ಮಾಡಿದ್ದರೆ?

ತರೀಕೆರೆ_ಏರಿಮೇಲೆ
@ಫ್ರಾಂಕ್‌ಫರ್ಟ್_ಸಾಗರ ಹೆಸರಿಗೆ ತಕ್ಕ ಹಾಗೆ ನಾನು ತರೀಕೆರೆಯವನೇ. ಆ ರೈಲಿನ ಕಥೆ ನಮ್ಮಜ್ಜನ ಬಾಯಲ್ಲಿ ಕೇಳಿದ್ದು. ಲಕ್ಕವಳ್ಳಿ ಕಡೆ ಈಗ ಭದ್ರಾ ಅಣೆಕಟ್ಟೆ, ಹಿನ್ನೀರು, ಪಕ್ಕದಲ್ಲೇ ಹುಲಿ ಸಂರಕ್ಷಿತ ಪ್ರದೇಶ. ಸೈಕಲ್ ದಾರಿ ಮಾಡಿದರೆ ಮೊದಲು ಓಡಿಸೋದು ಆನೆಗಳೇ. ನಿಮ್ಮನ್ನ ಓಡಿಸೋದು ಅಂತ ಹೇಳಿದ್ದು.

ಬ್ಯಾಕೋಡು_ಬಸ್ಸು
ಹೋದ ವರ್ಷದವರೆಗೂ ಕೇಳಿದ್ದರೆ ನಾನು ಕಣ್ಣು ಮುಚ್ಚಿ ತುಮರಿ ಅನ್ನುತ್ತಿದ್ದೆ. ಸಾಗರದಿಂದ ಹೊಳೆಬಾಗಿಲಿಗೆ ಬಂದು, ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಿ, ತುಮರಿ, ಬ್ಯಾಕೋಡು, ನಾಗೋಡಿ ಮೇಲೆ ಕೊಲ್ಲೂರಿಗೆ. ಲಾಂಚ್ ಒಂದು ಸಲ ತಂದ ಗಾಡಿಗಳು ಹೋಗಿಬಿಟ್ಟರೆ ಮುಂದಿನ ಲಾಂಚ್ ಬರುವವರೆಗೆ ರಸ್ತೆ ಖಾಲಿ. ಈಗ ಸಿಗಂದೂರು ಸೇತುವೆ ಆಯ್ತು. ಕೊಲ್ಲೂರಿಗೆ ಹೋಗುವ ಟೆಂಪೋ ಟ್ರಾವೆಲರ್, ಬಸ್ಸು ಎಲ್ಲ ಅದರ ಮೇಲೇ. ಇದ್ದ ಒಂದು ಒಳ್ಳೇ ದಾರಿಯೂ ಹೋಯ್ತು.

ಹಿನ್ನೀರಿನ_ಹುಡುಗಿ
@ಬ್ಯಾಕೋಡು_ಬಸ್ಸು ನಿಮ್ಮ ಹೆಸರಲ್ಲಿ ನಮ್ಮೂರು ಇದೆ. ಆದರೂ ಈ ಮಾತು ಹೇಳುತ್ತಿದ್ದೀರಲ್ಲ ಮಾರಾಯ್ರೆ.

ನಾನು ಕರೂರು ಹೋಬಳಿಯವಳು. ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ರಾಜ್ಯಕ್ಕೆಲ್ಲ ಕರೆಂಟು ಹೋಯ್ತು, ನಮಗೆ ಹೋದದ್ದು ಸಾಗರದ ದಾರಿ. ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ಕ್ಕೆ. ಎಷ್ಟು ವರ್ಷ ಆಯ್ತು, ನೀವೇ ಲೆಕ್ಕ ಹಾಕಿ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ನಾವು ದಡದಲ್ಲಿ. ರಾತ್ರಿ ಹೆರಿಗೆ ನೋವು ಬಂದರೆ ಗುಡ್ಡ ಸುತ್ತಿ ಬಳಸು ದಾರಿಯಲ್ಲಿ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ದೊಡ್ಡ ಗಾಡಿ ಹತ್ತಿಸುತ್ತಿರಲಿಲ್ಲ. ಹಬ್ಬದ ದಿನ ಟೂರಿಸ್ಟ್ ಕಾರುಗಳ ಹಿಂದೆ ನಮ್ಮ ಊರಿನ ಜೀಪು ಕ್ಯೂ ನಿಲ್ಲಬೇಕಿತ್ತು.

ವರ್ಷಕ್ಕೊಮ್ಮೆ ಬರುವ ಸೈಕಲ್ಲಿನವರಿಗೆ ಖಾಲಿ ರಸ್ತೆ ಬೇಕು ಅಂತ ನಾವು ನಡುಗಡ್ಡೆಯಲ್ಲೇ ಇರಬೇಕಾ?

ಬ್ಯಾಕೋಡು_ಬಸ್ಸು
ಅಕ್ಕ, ಸೇತುವೆ ಬೇಡ ಅಂತ ನಾನು ಎಲ್ಲಿ ಹೇಳಿದೆ? ಸೈಕಲ್ಲಿಗೆ ಆ ದಾರಿ ಈಗ ಮೊದಲಿನ ಹಾಗಿಲ್ಲ ಅಂದೆ ಅಷ್ಟೇ. ಎರಡೂ ನಿಜ ಇರಬಹುದು ಅಲ್ವಾ?

ಹಿನ್ನೀರಿನ_ಹುಡುಗಿ
‘ಒಳ್ಳೇ ದಾರಿ ಹೋಯ್ತು’ ಅಂದರೆ ಹಾಗೇ ಕೇಳಿಸುತ್ತದೆ. ಇರಲಿ. ಕೇಳಿದವರಿಗೆ ಹೇಳುತ್ತೇನೆ: ಮೇನ್ ರೋಡು ಬಿಟ್ಟರೆ ಈಗಲೂ ಒಳಗಿನ ಊರುಗಳ ದಾರಿಯಲ್ಲಿ ಗಾಡಿ ಇಲ್ಲ. ಸೇತುವೆ ಮೇಲೆ ವಾರದ ದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು ನೋಡಿ. ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದ, ಎರಡೂ ಕಡೆ ನೀರು. ಗಾಳಿ ಮಾತ್ರ ಪಕ್ಕದಿಂದ ಜೋರಾಗಿ ಹೊಡೆಯುತ್ತದೆ. ಮಗಳ ಸೈಕಲ್ ಹಗುರ ಇದ್ದರೆ ಹುಷಾರು. ಭಾನುವಾರ ಬರಬೇಡಿ, ಸೆಲ್ಫಿ ಜಾತ್ರೆ.

ಡೈನಮೋ
ಲಾಂಚ್ ಮೋಜು ಬೇಕು ಅನ್ನುವವರಿಗೆ ಹಸಿರುಮಕ್ಕಿ ಕಡೆ, ಹಲ್ಕೆ-ಮುಪ್ಪಾನೆ ಕಡೆ ಲಾಂಚ್ ಇದೆ. ನೀರು ಕಡಿಮೆ ಆದರೆ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಊರಿನವರನ್ನು ಕೇಳಿ. ಹಸಿರುಮಕ್ಕಿಯಲ್ಲೂ ಸೇತುವೆ ಕೆಲಸ ನಡೆಯುತ್ತಿತ್ತು.

ಘಾಟಿ_ಗುರು
ಗುಡ್ಡ ಬೇಕು, ಗಾಡಿ ಬೇಡ ಅಂದರೆ ಒಂದೇ ಉತ್ತರ: ಕೋಗಾರು ಘಾಟಿ. ಜೋಗ-ಕಾರ್ಗಲ್ ಕಡೆಯಿಂದ ಭಟ್ಕಳಕ್ಕೆ ಇಳಿಯುವ ದಾರಿ. ಆಗುಂಬೆಯಲ್ಲಿ 14 ತಿರುವು, ತಿರುವಿಗೊಂದು ಕಾರು. ಇಲ್ಲಿ ಬರೀ ಕಾಡು. ಪಕ್ಕದಲ್ಲೇ ಕಾನೂರು ಕೋಟೆ, ಚೆನ್ನಭೈರಾದೇವಿಯ ಕಾಲದ್ದು. ಗೇರುಸೊಪ್ಪೆಯಲ್ಲಿ ಕೂತು ಆಳಿದವಳು, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು.

ರೋಡು ಕಿರಿದು. ಮಳೆಗಾಲ ಮುಗಿದ ಕೂಡಲೇ ಹೋದರೆ ಅಂಚಿನಲ್ಲಿ ಪಾಚಿ ಇರುತ್ತದೆ. ಇಳಿಯುವಾಗ ಬ್ರೇಕ್ ಒತ್ತಿ ಹಿಡಿದೇ ಇರಬೇಡಿ. ಒತ್ತಿ ಬಿಡಿ, ಒತ್ತಿ ಬಿಡಿ. ರಿಮ್ ಬ್ರೇಕ್ ಆದರೆ ನಡುವೆ ಎರಡು ಸಲ ನಿಂತು ರಿಮ್ ಮುಟ್ಟಿ ನೋಡಿ. ಬೆರಳು ಇಡೋಕೆ ಆಗದಷ್ಟು ಬಿಸಿ ಇದ್ದರೆ ಅಲ್ಲೇ ಕೂತು ಒಂದು ಚಕ್ಕುಲಿ ತಿನ್ನಿ. ಇಲ್ಲದಿದ್ದರೆ ಟ್ಯೂಬ್ ಢಮಾರ್.

ಕೊನೆಗೌಡ
@ಘಾಟಿ_ಗುರು ಇಳಿದಾಯ್ತು ಗುರೂ, ಮತ್ತೆ ಹತ್ತೋದು ಯಾರು? ಭಟ್ಕಳದಿಂದ ವಾಪಸ್ ಅವರ ಮಗಳು ಸೈಕಲ್ ತಳ್ಳಿಕೊಂಡು ಬರಬೇಕಾ?

ಘಾಟಿ_ಗುರು
ಭಟ್ಕಳದಲ್ಲಿ ರೈಲಿದೆ ಸ್ವಾಮಿ.

ಕೊನೆಗೌಡ
ಅದು ಶಿವಮೊಗ್ಗಕ್ಕೆ ಬರುತ್ತಾ?

ಹಳೇ_ಹೀರೋ
😂😂

ತುಂಗಾತೀರ_ಟೀಚರ್
ಹೆಣ್ಣುಮಕ್ಕಳ ಜೊತೆ ಮೊದಲ ಸಲ ಹೊರಟವರಿಗೆ ಘಾಟಿ ಯಾಕೆ ಹೇಳುತ್ತೀರಿ? ಘಾಟಿ ಇಳಿಯದೆ ಮೇಲೇ ಸುತ್ತಿದರೆ ಸಾಕು. ನಾವು ಶಾಲೆಯ ಕೆಲವು ಸ್ನೇಹಿತೆಯರು ಮಾಡುವ ದಾರಿ ಹೇಳುತ್ತೇನೆ.

ರೈಲಿನಲ್ಲಿ ಸಾಗರಕ್ಕೆ ಬನ್ನಿ. ಮೊದಲ ದಿನ ಇಕ್ಕೇರಿ, ಕೆಳದಿ ನೋಡಿ ಸಾಗರದಲ್ಲೇ ಉಳಿಯಿರಿ. ಎರಡೂ ಊರು ಹತ್ತಿರ, ದಾರಿಯುದ್ದಕ್ಕೂ ತೋಟ, ಗದ್ದೆ, ಹೆಚ್ಚು ಏರಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ನಂದಿಯ ಮಂಟಪದ ನೆರಳಿನಲ್ಲಿ ಕೂತರೆ ಏಳೋಕೆ ಮನಸ್ಸು ಬರುವುದಿಲ್ಲ. ಕೆಳದಿಯಲ್ಲಿ ಮ್ಯೂಸಿಯಂ ಇದೆ, ಮಗಳಿಗೆ ಹಿಡಿಸುತ್ತದೆ. ಹೊಸ ಸೈಕಲ್ಲಿನ ಸೀಟು, ಗೇರು ಸರಿ ಇದೆಯಾ ಅಂತ ಗೊತ್ತಾಗುವುದೂ ಆ ದಿನವೇ. ಕೈಕೊಟ್ಟರೆ ಸಾಗರದಲ್ಲಿ ರಿಪೇರಿ ಆಗುತ್ತದೆ, ಕಾಡಿನ ನಡುವೆ ಆಗುವುದಿಲ್ಲ.

ಎರಡನೇ ದಿನ ಬಟ್ಟೆಮಲ್ಲಪ್ಪ ಮೇಲೆ ಹೊಸನಗರ. ಮೂರನೇ ದಿನ ನಗರ. ಅದು ಹಳೇ ಬಿದನೂರು. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ಬಂತು. ಅಂದರೆ ನೀವು ಸೈಕಲ್ಲಿನಲ್ಲಿ ಹೋಗುವುದು ಅವರು ಹೋದ ಕ್ರಮದಲ್ಲೇ. ಕೋಟೆ ರಸ್ತೆ ಪಕ್ಕದಲ್ಲೇ ಇದೆ. ದೇವಗಂಗೆ ಕೊಳವನ್ನೂ ನೋಡಿ. ನಾಲ್ಕನೇ ದಿನ ಕವಲೇದುರ್ಗದ ಕಡೆಯಿಂದ ತೀರ್ಥಹಳ್ಳಿ. ಕವಲೇದುರ್ಗ ಹತ್ತುವ ದಾರಿಗೆ ಸೈಕಲ್ ಬೇಡ, ಕೆಳಗಿನ ಮನೆಯವರನ್ನು ಕೇಳಿ ಅಂಗಳದಲ್ಲಿ ಇಟ್ಟು ಹೋಗಿ.

ಇದರಲ್ಲಿ ಗಾಡಿಯೇ ಇಲ್ಲ ಅಂತ ಹೇಳುವುದಿಲ್ಲ. ಬಸ್ಸು ಬರುತ್ತದೆ, ಅಡಿಕೆ ಪಿಕಪ್ ಬರುತ್ತದೆ. ಆದರೆ ಒಂದು ಬಂದರೆ ಮುಂದಿನದಕ್ಕೆ ಎಷ್ಟೋ ಹೊತ್ತು. ಸದ್ದು ಕೇಳಿದ ಕೂಡಲೇ ಅಂಚಿಗೆ ಇಳಿದು ನಿಲ್ಲಿ ಅಂತ ಮಗಳಿಗೆ ಮೊದಲೇ ಹೇಳಿಕೊಡಿ.

ವಿನೋಬನಗರ_ಪೆಡಲ್
ಟೀಚರ್, ಇದೇ ಬೇಕಿತ್ತು! ತೀರ್ಥಹಳ್ಳಿಯಿಂದ ವಾಪಸ್ ಶಿವಮೊಗ್ಗಕ್ಕೆ ಹೇಗೆ? ಮಂಡಗದ್ದೆ ರಸ್ತೆಯೇ ನಾನು ಬೇಡ ಅಂದದ್ದು.

ಮಂಡಗದ್ದೆ_ಕೊಕ್ಕರೆ
ನಮ್ಮೂರ ರಸ್ತೆಗೆ ಇಷ್ಟು ಕೆಟ್ಟ ಹೆಸರಾ? ನೀವು ಹೇಳೋದು ಸರಿಯೇ ಬಿಡಿ. ತಿರುವಿನಲ್ಲಿ ಬಸ್ಸು ನನ್ನನ್ನು ಮೋರಿ ಪಕ್ಕಕ್ಕೆ ತಳ್ಳಿಕೊಂಡು ಹೋಗಿದೆ. ಹಾರ್ನ್ ಹೊಡೆದೆನಲ್ಲ ಅನ್ನೋದು ಅವನ ವಾದ.

ಡೈನಮೋ
ಕೋಣಂದೂರು, ಹುಂಚ, ರಿಪ್ಪನ್‌ಪೇಟೆ ಮೇಲೆ ಬಂದು ಅರಸಾಳಿನಲ್ಲಿ ರೈಲು ಹತ್ತಿ. ಹುಂಚದ ಜೈನ ಮಠ, ಬಸದಿಗಳನ್ನೂ ನೋಡಬಹುದು.

ಪಾರ್ಸೆಲ್_ಪುಟ್ಟಣ್ಣ
@ಡೈನಮೋ ಅರಸಾಳಿನಲ್ಲಿ ಹತ್ತಿಸೋಕೆ ಆಗಲ್ಲ. ಸೈಕಲ್ ಬ್ರೇಕ್ ವ್ಯಾನಿನಲ್ಲಿ, ಅಂದರೆ ರೈಲಿನ ಲಗೇಜ್ ಡಬ್ಬಿಯಲ್ಲಿ ಹೋಗಬೇಕು, ಅದಕ್ಕೆ ಬುಕ್ಕಿಂಗ್ ಆಗಬೇಕು. ಪುಟ್ಟ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದೇ ಒಂದೆರಡು ನಿಮಿಷ. ಅಷ್ಟರಲ್ಲಿ ವ್ಯಾನಿನ ಬಾಗಿಲು ತೆಗೆಸಿ ಮೂರು ಸೈಕಲ್ ಹಾಕೋದು ನಡೆಯೋ ಮಾತಲ್ಲ. ಹೋಗುವಾಗ ಶಿವಮೊಗ್ಗದಲ್ಲಿ ಬೇಗ ಹೋಗಿ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ. ಸಾಗರಕ್ಕಿಂತ ತಾಳಗುಪ್ಪ ಒಳ್ಳೇದು, ಕೊನೇ ಸ್ಟೇಷನ್, ಇಳಿಸೋಕೆ ಗಡಿಬಿಡಿ ಇಲ್ಲ. ಸೈಕಲ್ಲಿಗೆ ಹೆಸರು, ಫೋನ್ ನಂಬರ್ ಬರೆದ ರಟ್ಟು ಕಟ್ಟಿ. ಹ್ಯಾಂಡಲ್ ತಿರುಗಿಸಿ ಕಟ್ಟಿ, ಪೆಡಲ್ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ. ಎಡಗಡೆ ಪೆಡಲ್ ಉಲ್ಟಾ ತಿರುಗುತ್ತದೆ, ಜೋರು ಮಾಡಿ ಥ್ರೆಡ್ ಹಾಳು ಮಾಡಬೇಡಿ.

ಮಂಡಗದ್ದೆ_ಕೊಕ್ಕರೆ
ತೀರ್ಥಹಳ್ಳಿಯಿಂದ ಲಗೇಜ್ ಆಟೋ ಮಾಡಿ ಸೈಕಲ್ ಹಾಕಿ, ನೀವು ಬಸ್ಸಿನಲ್ಲಿ ಕೂತು ಬನ್ನಿ. ಇಷ್ಟಕ್ಕೆ ಇಷ್ಟು ಚರ್ಚೆನಾ.

ಹಳೇ_ಹೀರೋ
ಆಟೋದಲ್ಲಿ ಬರೋದಾದರೆ ಸೈಕಲ್ ಟೂರ್ ಯಾಕೆ? ನಮ್ಮ ಕಾಲದಲ್ಲಿ ಒಂದೇ ಗೇರ್, ಇಪ್ಪತ್ತೆರಡು ಇಂಚಿನ ಹೀರೋ, ಹಿಂದೆ ಅಕ್ಕಿ ಮೂಟೆ.

ತುಂಗಾತೀರ_ಟೀಚರ್
@ಹಳೇ_ಹೀರೋ ಅಣ್ಣ, ನಿಮ್ಮ ಕಾಲದಲ್ಲಿ ಎದುರಿಗೆ ಎತ್ತಿನ ಗಾಡಿ ಬರುತ್ತಿತ್ತು.

ಉಂಬಳ_ಉಗುರು
ಎಲ್ಲಾ ಹೇಳಿದರು, ಉಣುಗಿನ (ಉಣ್ಣೆ ಹುಳದ) ವಿಷಯ ಯಾರೂ ಹೇಳಲಿಲ್ಲ. ಮಳೆಗಾಲ ಮುಗಿದ ಕೂಡಲೇ ಉಂಬಳ (ಜಿಗಣೆ) ಇರುತ್ತದೆ, ಅದು ರಕ್ತ ಕುಡಿದು ಬಿದ್ದುಹೋಗುತ್ತದೆ, ಬಿಡಿ. ಸುಣ್ಣ ಹಚ್ಚಿದರೆ ಸಾಕು. ಮಂಗನ ಕಾಯಿಲೆ ಹಾಗಲ್ಲ. ಮೊದಲು ಗುರುತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುತ್ತದೆ. ಡಿಸೆಂಬರ್ ದಾಟಿದ ಮೇಲೆ ಬೇಸಿಗೆ ಮುಗಿಯುವವರೆಗೆ ಜಾಸ್ತಿ. ಸಾಗರ, ತೀರ್ಥಹಳ್ಳಿ, ಹೊಸನಗರ ಮೂರೂ ತಾಲ್ಲೂಕಿನಲ್ಲಿ ಕಂಡಿದೆ.

ನೀವು ರಸ್ತೆಯಲ್ಲೇ ಹೋದರೆ ಹೆದರಬೇಕಿಲ್ಲ. ನೆರಳು ಚೆನ್ನಾಗಿದೆ ಅಂತ ದರಗಿನ (ಒಣ ಎಲೆಯ) ಮೇಲೆ ಮಲಗಬೇಡಿ, ಅಷ್ಟೇ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ ಅವರ ಹತ್ತಿರ ಇದ್ದರೆ ಕೇಳಿ. ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಯನ್ನೂ ತೊಳೆಯಿರಿ.

ಕೊನೆಗೌಡ
ಹಾಗಾದರೆ ಅಕ್ಟೋಬರ್ ಕೊನೆ, ನವೆಂಬರ್ ಶುರು ಸರಿ. ದಸರಾ ರಜೆ, ದೀಪಾವಳಿ ರಜೆ ಬಿಟ್ಟು ನೋಡಿ. ಅಡಿಕೆ ಕೊಯ್ಲು ಶುರುವಾಗಿರುತ್ತದೆ. ರಸ್ತೆ ಮೇಲೆ ಪಿಕಪ್ ಸ್ವಲ್ಪ ಜಾಸ್ತಿ, ಆದರೆ ಯಾವ ಮನೆ ಮುಂದೆ ನಿಂತರೂ ಚಪ್ಪರದಲ್ಲಿ ಅಡಿಕೆ ಹರವಿರುತ್ತಾರೆ, ಯಾರಾದರೂ ಇದ್ದೇ ಇರುತ್ತಾರೆ. ನೀರು ಕೇಳಿದರೆ ಮಜ್ಜಿಗೆ ಬರುತ್ತದೆ.

ಸಂಕದ_ಮೇಲೆ
ಗೂಗಲ್ ಮ್ಯಾಪ್ ನಂಬಬೇಡಿ ಅಂತ ನನ್ನದೊಂದು ಸೇರಿಸುತ್ತೇನೆ. ಹೊಸನಗರ ಕಡೆ ಮ್ಯಾಪ್ ಒಂದು ಒಳದಾರಿ ತೋರಿಸಿತು. ಜಂಬುಮಣ್ಣಿನ ಗಾಡಿ ದಾರಿ, ಎರಡೂ ಕಡೆ ಎತ್ತರದ ದರೆ, ಮೇಲೆ ಮರ ಮುಚ್ಚಿಕೊಂಡಿದೆ. ಚಕ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಸ್ವರ್ಗ ಅಂದುಕೊಂಡು ಹೋದರೆ ದಾರಿ ಹಳ್ಳಕ್ಕೆ ಬಂದು ನಿಂತಿತು. ಆಚೆ ದಡಕ್ಕೆ ಕಾಲುಸಂಕ, ಎರಡು ಅಡಿಕೆ ಮರ, ಹಿಡಿಯೋಕೆ ಒಂದು ಬಿದಿರು. ಸೈಕಲ್ ಪಕ್ಕಕ್ಕೆ ಕಟ್ಟಿದ ಪ್ಯಾನಿಯರ್ ಬ್ಯಾಗ್ ಬಿಚ್ಚಿ ಒಂದೊಂದಾಗಿ ದಾಟಿಸಿದೆ. ಸೈಕಲ್ ಹೆಗಲ ಮೇಲೆ. ನಡುವಿಗೆ ಬಂದಾಗ ಮರ ಕೆಳಗೆ ಬಾಗಿ ಮತ್ತೆ ಮೇಲೆ ಬಂತು. ಆಚೆ ದಡದ ಮನೆಯ ಅಮ್ಮ ಹೇಳಿದ್ದು: ‘ಇಲ್ಲೇ ಕೆಳಗೆ ಮೋರಿ ಇತ್ತಲ್ಲಾ, ಕೇಳ್ಬಾರ್ದಿತ್ತಾ?’

ಆದರೂ ಗಾಡಿ ಇಲ್ಲದ ದಾರಿ ಅಂದರೆ ಅದೇ. ಟಾರು ಹಾಕಿದ ದಿನ ಗಾಡಿ ಬಂದೇ ಬರುತ್ತದೆ.

ಗಾಂಧಿಬಜಾರ್_ಗೇರ್
ಏರು ಬೇಡ ಅನ್ನುವವರಿಗೆ ಚಾನಲ್ (ನೀರಾವರಿ ಕಾಲುವೆ) ದಂಡೆಯ ದಾರಿ ಇದೆ. ಗಾಜನೂರಿನಿಂದ ಹೊರಡುವ ತುಂಗಾ ಚಾನಲ್, ಆ ಕಡೆ ಭದ್ರಾ ಚಾನಲ್. ಟ್ರ್ಯಾಕ್ಟರ್ ಬಿಟ್ಟರೆ ಏನೂ ಬರಲ್ಲ. ಮೂವರೂ ವಾರಕ್ಕೆರಡು ಬೆಳಿಗ್ಗೆ ಅಲ್ಲಿ ಬ್ಯಾಗ್ ಕಟ್ಟಿಕೊಂಡೇ ಓಡಿಸಿ ಅಭ್ಯಾಸ ಮಾಡಿ. ನೀರು ಬಿಟ್ಟಾಗ ಅಂಚಿಗೆ ಹೋಗಬೇಡಿ, ತಡೆಗೋಡೆ ಇರಲ್ಲ.

ಗೇರ್ ವಿಷಯ: ಹಿಂದಿನ ಚಕ್ರದ ದೊಡ್ಡ ಗೇರಿಗೆ 34 ಹಲ್ಲು ಇರಲಿ. ಕಡಿಮೆ ಇದ್ದರೆ ಬದಲಿಸಿ. ಮಗಳ ಬ್ಯಾಗಿನ ಭಾರ ನೀವು ಹೊರಿ.

ವಿನೋಬನಗರ_ಪೆಡಲ್
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಟೀಚರ್ ಹೇಳಿದ ದಾರಿ, ನವೆಂಬರ್ ಮೊದಲ ವಾರ, ಸೋಮವಾರ ಶುರು. ರೈಲು ತಾಳಗುಪ್ಪದವರೆಗೆ. ವಾಪಸ್ ತೀರ್ಥಹಳ್ಳಿಯಿಂದ ಲಗೇಜ್ ಆಟೋ, ಹಳೇ ಹೀರೋ ಅಣ್ಣ ಬೈದರೂ ಸರಿ. ಸೇತುವೆಯನ್ನೂ ಸೇರಿಸಬೇಕು ಅಂತ ಮಗಳ ಹಟ. ಎರಡನೇ ದಿನವನ್ನು ಹೊಳೆಬಾಗಿಲಿಗೆ ಕೊಟ್ಟರೆ ನಾಲ್ಕು ದಿನದಲ್ಲಿ ಮುಗಿಯುತ್ತಾ?

ತುಂಗಾತೀರ_ಟೀಚರ್
ಮುಗಿಯುವುದಿಲ್ಲ. ಸೇತುವೆ ದಾಟಿ ನಿಟ್ಟೂರು ಮೇಲೆ ನಗರಕ್ಕೆ ಹೋದರೆ ಹೊಸನಗರ ಬಿಟ್ಟುಹೋಗುತ್ತದೆ. ಆದರೆ ಆ ದಾರಿ ಏರು ಜಾಸ್ತಿ. ಒಂದು ದಿನ ಜಾಸ್ತಿ ರಜೆ ಹಾಕಿ.

ಹಿನ್ನೀರಿನ_ಹುಡುಗಿ
ಬರುವುದಾದರೆ ತುಮರಿಯಲ್ಲಿ ಉಳಿಯಿರಿ, ಸಂಜೆ ನಾಲ್ಕರೊಳಗೆ ಸೇತುವೆ ದಾಟಿಬಿಡಿ. ಆಮೇಲೆ ಗಾಳಿ ಏಳುತ್ತದೆ. ಮೊಬೈಲ್ ಸಿಗ್ನಲ್ ನಂಬಿ ಬರಬೇಡಿ, ಉಳಿಯುವ ಮನೆಯವರಿಗೆ ಸಾಗರದಿಂದಲೇ ಫೋನ್ ಮಾಡಿ ಊಟಕ್ಕೆ ಎಷ್ಟು ಜನ ಅಂತ ಹೇಳಿ.

ಪಾರ್ಸೆಲ್_ಪುಟ್ಟಣ್ಣ
ಟ್ಯೂಬ್ ವಾಲ್ವ್ ಯಾವುದು, ದಪ್ಪದ್ದಾ ಸಣ್ಣದ್ದಾ? ಸಣ್ಣದಾದರೆ ನಿಮ್ಮ ಪಂಪ್ ನೀವೇ ತನ್ನಿ. ಹಳ್ಳಿ ಅಂಗಡಿ ಪಂಪ್ ಅದಕ್ಕೆ ಕೂರಲ್ಲ.

ವಿನೋಬನಗರ_ಪೆಡಲ್
ನನ್ನದು ಸಣ್ಣದು, ಅವರಿಬ್ಬರದ್ದೂ ದಪ್ಪದ್ದು.

ಪಾರ್ಸೆಲ್_ಪುಟ್ಟಣ್ಣ
ಹಿತ್ತಾಳೆ ಅಡಾಪ್ಟರ್ ಎರಡು ತಗೊಳ್ಳಿ. ಒಂದು ಕಳೆದೇ ಹೋಗುತ್ತದೆ.